ತಿದ್ದುವ ಕೈ

ಕಾಲೇಜು ಸೇರಿದ್ದ ನನ್ನ ಹಳೆಯ ಶಿಷ್ಯನೊಬ್ಬನು ಕುರುಗೋಡಿನ ಶಾಸನವೊಂದನ್ನು ತಾನೇ ಓದಿ ಬರೆದುತಂದನು. ನಾನು ಅದನ್ನು ಆದ್ಯಂತವಾಗಿ ತಿದ್ದಿಕೊಟ್ಟೆನು. ಬರಹವು ಶುದ್ಧವಾಯಿತು; ಹುಡುಗನು ಮತ್ತೆ ಶಾಸನದ ಬಳಿ ಸುಳಿಯಲಿಲ್ಲ. ಆ ದೋಷ ನನ್ನದು.

ಇದೇ ಬಳ್ಳಾರಿ ಸೀಮೆಯ ಸಂಗನಕಲ್ಲಿನಲ್ಲಿ ಭೂಶೋಧನೆ ಮಾಡಿದ ಬಿ. ಸುಬ್ಬರಾವ್ ಅವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಾಂಕಳಿಯಾ ಅವರ ಶಿಷ್ಯರು. ಬಳ್ಳಾರಿಯ ಶಿಲಾಯುಗವನ್ನು ಕುರಿತ ಪ್ರಬಂಧವು 1948ರಲ್ಲಿ ಗ್ರಂಥವಾದಾಗ ಅದರ ಮೇಲಿದ್ದುದು ಶಿಷ್ಯರ ಹೆಸರೇ.

ಬಿ.ಎ. ತರಗತಿಯ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ವಿದ್ಯಾರ್ಥಿಯೊಡನೆ ಕಲ್ಲಿನವರೆಗೆ ನಡೆಯಿರಿ, ಕಂಡುದನ್ನೂ ಊಹಿಸಿದುದನ್ನೂ ಬೇರೆಬೇರೆಯಾಗಿ ಬರೆಯಿಸಿರಿ, ತಪ್ಪನ್ನು ತೋರಿಸಿರಿ, ತಿದ್ದುವುದನ್ನು ಅವನಿಗೇ ಬಿಡಿರಿ. ಪರೀಕ್ಷೆಗೆ ಬಾರದ ಕೆಲಸವೆಂದು ಮನೆಯವರೂ ತಡೆಯದಿರಲಿ. ಶಿಷ್ಯನ ಕಣ್ಣು ತೆರೆದರಲ್ಲವೆ ಗುರುವಿನ ಶ್ರಮ ಸಾರ್ಥಕ!