ಕೊಳ್ಳೇಗಾಲ ಸೀಮೆಯ ವಸತಿ ಯೋಜನೆಗಳು: ಕಸುಬಿಗೂ ಸ್ಥಳ ಬೇಕು

ಕೊಳ್ಳೇಗಾಲದ ಹೆಸರು ನಾಡಿನ ವಾಣಿಜ್ಯ ವಲಯಕ್ಕೆ ಪರಿಚಿತವಾಗಿರುವುದು ರೇಷ್ಮೆಯಿಂದ. ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವವರ ಒಲೆ, ಹುರಿ ಯಂತ್ರ, ಬಣ್ಣದ ತೊಟ್ಟಿ, ಮಗ್ಗ, ಕಡೆಗೆ ಸೀರೆ ವರ್ತಕರ ಅಂಗಡಿ - ಇವೆಲ್ಲ ಒಂದೇ ಸರಪಣಿಯ ಕೊಂಡಿಗಳು. ಈ ಸರಪಣಿಯ ಬಹಳಷ್ಟು ಕೆಲಸ ಇಂದಿಗೂ ನಡೆಯುವುದು ಮನೆಗಳಲ್ಲಿ. ನೇಕಾರನ ನಡುಮನೆಯೇ ಅವನ ಕಾರ್ಯಾಗಾರ. ಅವನ ಮಡದಿ ಲಾಳಿಗೆ ಕಂಡಿಕೆ ಸುತ್ತುವುದು ಅಡುಗೆಯ ನಡುವೆಯೇ. ಹೀಗಿದ್ದರೂ ಬಡವರಿಗೆ ಸೂರು ಒದಗಿಸುವ ಹೊಣೆ ಹೊತ್ತ ಸಂಸ್ಥೆಗಳು ಮನೆಯೆಂದರೆ ಅಡುಗೆಗೆ ಮತ್ತು ನಿದ್ರೆಗೆ ಮೀಸಲಾದ ಸ್ಥಳವೆಂದೇ ಭಾವಿಸುತ್ತ ಬಂದಿವೆ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಮಟ್ಟಿಗೆ ವಸತಿ ಯೋಜನೆಗಳ ಮೂಲ ದೋಷ ಇದೇ. ಇದರಿಂದಾಗುವ ನಷ್ಟ ಫಲಾನುಭವಿಗೆ ಮಾತ್ರವಲ್ಲ, ವ್ಯಾಪಾರಕ್ಕೂ ಉಂಟು.

ರಾಜ್ಯದಲ್ಲಿ ವಸತಿ ಸಂಸ್ಥೆಗಳಿಗೆ ಕೊರತೆಯಿಲ್ಲ. 1962ರ ಕಾಯಿದೆಯಂತೆ ರೂಪುಗೊಂಡ ಗೃಹ ಮಂಡಳಿಯಿದೆ. 1973ರ ಕೊಳಚೆ ಪ್ರದೇಶಗಳ ಕಾಯಿದೆಯ ಅನ್ವಯ 1975ರಲ್ಲಿ ಸ್ಥಾಪನೆಗೊಂಡ ಕೊಳಚೆ ನಿರ್ಮೂಲನ ಮಂಡಳಿ ಇಂದು ಕೊಳಗೇರಿ ಅಭಿವೃದ್ಧಿ ಮಂಡಳಿಯಾಗಿದೆ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಹೆಸರಿನಲ್ಲಿ ಗ್ರಾಮೀಣವೆಂದಿದ್ದರೂ ಪಟ್ಟಣಗಳ ಮನೆಗಳ ಅನುದಾನವೂ ಅದರ ಮೂಲಕವೇ ಹರಿಯುತ್ತದೆ. ಸ್ಥಳೀಯವಾಗಿ ಫಲಾನುಭವಿಗಳ ಪಟ್ಟಿಯನ್ನು ಸಿದ್ಧಪಡಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಕಡತ ಹೊರುವುದು ಕೊಳ್ಳೇಗಾಲದಲ್ಲಿ ನಗರಸಭೆ, ಹನೂರು ಮತ್ತು ಯಳಂದೂರುಗಳಲ್ಲಿ ಪಟ್ಟಣ ಪಂಚಾಯಿತಿ. ಆಶ್ರಯ, ವಾಂಬೆ, ವಾಜಪೇಯಿ ನಗರ ವಸತಿ, 2015ರಿಂದ ಪ್ರಧಾನಮಂತ್ರಿ ಆವಾಸ್ ಎಂದು ಫಲಕಗಳು ಬದಲಾಗುತ್ತ ಬಂದವು. ಮನೆಯ ನಕ್ಷೆ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ.

2015ರ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲರಾದವರ ಮನೆಗೆ ನಿಗದಿಯಾದ ಒಳ ವಿಸ್ತೀರ್ಣ 30 ಚದರ ಮೀಟರ್, ಎಂದರೆ ಸುಮಾರು 323 ಚದರ ಅಡಿ. ಇದರಲ್ಲಿ ಒಂದು ಹಾಲು, ಒಂದು ಕೋಣೆ, ಅಡುಗೆಮನೆ, ಶೌಚಾಲಯ. ರೇಷ್ಮೆ ಸೀರೆ ನೇಯುವ ಕುಣಿಮಗ್ಗವನ್ನು ಇಲ್ಲಿ ಎಲ್ಲಿ ಹೂಡಬೇಕು? ಹೂಡಿದರೆ ಮಕ್ಕಳು ಮಲಗುವುದೆಲ್ಲಿ? ಜಕಾರ್ಡ್ ಕಟ್ಟಿದ ಮಗ್ಗಕ್ಕೆ ಎತ್ತರದ ಸೂರು ಬೇಕು. ಸಾಧಾರಣ ಎತ್ತರದ ಛಾವಣಿ ಅದಕ್ಕೆ ಸಾಲದು. ಭೂಮಿಯ ಅಭಾವದ ನೆಪದಲ್ಲಿ ಮಹಡಿ ಮನೆಗಳನ್ನು ಕಟ್ಟಿದರಂತೂ ಮಾತೇ ಬೇಡ. ಎರಡನೆಯ ಅಂತಸ್ತಿನಲ್ಲಿ ಮಗ್ಗದ ಕುಣಿ ತೋಡಲು ಯಾವ ಇಂಜಿನಿಯರೂ ಒಪ್ಪಲಾರ. ನೂಲು ಬಿಚ್ಚುವವರ ಪಾಡು ಇನ್ನೂ ಕಷ್ಟ. ಗೂಡು ಬೇಯಿಸುವ ಬಿಸಿನೀರು, ಸೌದೆಯ ಹೊಗೆ, ಹುಳುವಿನ ವಾಸನೆ, ಹೊರಬೀಳುವ ಕೊಳಚೆ ನೀರು - ಒತ್ತೊತ್ತಾಗಿ ಕಟ್ಟಿದ ಮನೆಗಳ ಸಾಲಿನಲ್ಲಿ ಇವನ್ನು ನೆರೆಯವರು ಸಹಿಸುವುದಿಲ್ಲ. ಸಹಿಸಬೇಕೆಂದು ಹೇಳುವುದೂ ನ್ಯಾಯವಲ್ಲ. ಪರಿಣಾಮವಾಗಿ ಹಕ್ಕುಪತ್ರ ಪಡೆದ ಕುಟುಂಬಕ್ಕೆ ಎರಡೇ ದಾರಿ: ಹೊಸ ಮನೆಯನ್ನು ಬಾಡಿಗೆಗಿತ್ತು ಹಳೆಯ ಕೇರಿಯಲ್ಲೇ ಉಳಿಯುವುದು, ಇಲ್ಲವೇ ಹೊಸ ಮನೆಗೆ ಹೋಗಿ ಕಸುಬು ಬಿಡುವುದು. ಮೊದಲನೆಯದನ್ನು ಅಧಿಕಾರಿಗಳು ದುರುಪಯೋಗವೆನ್ನುತ್ತಾರೆ. ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರೇ ಇಲ್ಲ.

ಇದು ಯಾರಿಗೂ ಹೊಳೆಯದ ವಿಚಾರವೇನಲ್ಲ. ಕೈಮಗ್ಗ ನೇಕಾರರಿಗಾಗಿ ಮನೆ ಮತ್ತು ಕಾರ್ಯಾಗಾರ ಎರಡೂ ಕೂಡಿದ ಕಟ್ಟಡಗಳ ಯೋಜನೆಯನ್ನು ಕೇಂದ್ರ ಸರ್ಕಾರ 1985-86ರಲ್ಲಿಯೇ ಆರಂಭಿಸಿತ್ತು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ನೇಕಾರರಿಗೆ ಇಂತಹ ಮನೆಗಳನ್ನು ಕಟ್ಟಿಸಿಕೊಟ್ಟಿತು. ಆದರೆ ಜವಳಿ ಇಲಾಖೆಗೆ ಮನೆ ಮುಖ್ಯ ಕಾರ್ಯವಾಗಲಿಲ್ಲ, ವಸತಿ ಇಲಾಖೆಗೆ ಮಗ್ಗ ತನ್ನದೆನಿಸಲಿಲ್ಲ. ಎರಡು ಕಡತಗಳು ಎಲ್ಲಿಯೂ ಸಂಧಿಸಲಿಲ್ಲ. ಹೊರದೇಶಗಳತ್ತ ನೋಡುವವರಿಗೆ ಸಿಂಗಪುರದ ನಿದರ್ಶನವಿದೆ. ಅಲ್ಲಿ 1960ರಲ್ಲಿ ಸ್ಥಾಪಿತವಾದ ವಸತಿ ಮಂಡಳಿಯ ಬಡಾವಣೆಗಳ ಬಳಿಯಲ್ಲಿಯೇ ಸಣ್ಣ ಕೈಗಾರಿಕೆಗಳ ಬಹುಮಹಡಿ ಕಟ್ಟಡಗಳೂ ಎದ್ದವು. ಕೆಲಸ ಮನೆಯಿಂದ ನಡೆದು ತಲುಪುವಷ್ಟು ದೂರದಲ್ಲಿತ್ತು. ಬಹುಮಹಡಿಯನ್ನು ಮಾತ್ರ ಅನುಕರಿಸಿ, ಪಕ್ಕದ ಕೈಗಾರಿಕಾ ಕಟ್ಟಡವನ್ನು ಮರೆಯುವುದು ನಮ್ಮ ಯೋಜನಾಕಾರರ ಅಭ್ಯಾಸವಾಗಿದೆ.

ಹಣದ ವಿಚಾರಕ್ಕೆ ಬಂದರೆ ವರ್ತಕ ಬಾಂಧವರಿಗೆ ವಿವರಣೆ ಅನಗತ್ಯ. ಅವರ ಉದ್ದರಿ ಖಾತೆಗಳೇ ಸಾಕ್ಷಿ. ಸ್ವಂತ ನಿವೇಶನದಲ್ಲಿ ಮನೆ ಕಟ್ಟುವವನಿಗೆ ಅನುದಾನ ಒಮ್ಮೆಲೇ ಬರುವುದಿಲ್ಲ. ತಳಪಾಯ, ಕಿಟಕಿ ಮಟ್ಟ, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ, ಕಟ್ಟಡದ ಛಾಯಾಚಿತ್ರ ದಾಖಲಾದ ಬಳಿಕ ಬರುತ್ತದೆ. ಎಂದರೆ ತಳಪಾಯವನ್ನು ಬಡವನೇ ಮೊದಲು ಹಾಕಬೇಕು. ಆ ಕಲ್ಲು, ಸಿಮೆಂಟು, ಕಬ್ಬಿಣ ಬರುವುದು ಸ್ಥಳೀಯ ಅಂಗಡಿಯ ಸಾಲದಿಂದ ಅಥವಾ ಲೇವಾದೇವಿಯಿಂದ. ಬಿಲ್ಲು ತಡವಾದಷ್ಟು ಕಾಲ ಸರ್ಕಾರದ ಯೋಜನೆಗೆ ಬಡ್ಡಿಯಿಲ್ಲದೆ ಬಂಡವಾಳ ಹೂಡುವವನು ಸಿಮೆಂಟು ವ್ಯಾಪಾರಿ. ಇದರ ಮೇಲೆ ತೆರಿಗೆ. 2017ರ ಜುಲೈಯಿಂದ 2025ರ ಸೆಪ್ಟೆಂಬರ್‌ವರೆಗೆ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಷ್ಟಿತ್ತು, ಆನಂತರವೇ ಶೇ. 18ಕ್ಕೆ ಇಳಿಯಿತು. ಈ ಎಂಟು ವರ್ಷಗಳ ಕಾಲ ಕೇಂದ್ರದ ನೆರವು ಮನೆಗೆ 1.5 ಲಕ್ಷ ರೂಪಾಯಿಯಲ್ಲಿಯೇ ನಿಂತಿತ್ತು. ಒಂದು ಕೈಯಿಂದ ಕೊಟ್ಟು ಮತ್ತೊಂದು ಕೈಯಿಂದ ಹಿಂಪಡೆದಂತಾಯಿತು. ಕೊಳಗೇರಿ ಮಂಡಳಿಯ ಮನೆಗಳಲ್ಲಿ ಫಲಾನುಭವಿಯ ವಂತಿಗೆಯೇ ದೊಡ್ಡ ಅಡಚಣೆಯಾಗಿದ್ದುದರಿಂದ ಅದರ ಬಹುಭಾಗವನ್ನು ತಾನೇ ಭರಿಸಲು ರಾಜ್ಯ ಸರ್ಕಾರ ಮುಂದಾಯಿತು. 2024ರ ಫೆಬ್ರವರಿಯಲ್ಲಿ ರಾಜ್ಯಾದ್ಯಂತ 36,789 ಮನೆಗಳ ಹಂಚಿಕೆ ಸಾಧ್ಯವಾದುದು ಆ ನಂತರ.

ಹನೂರು ಮತ್ತು ಯಳಂದೂರುಗಳ ಸಮಸ್ಯೆ ಸ್ವಲ್ಪ ಭಿನ್ನ. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದು. ತಾಲ್ಲೂಕು ಕೇಂದ್ರವೆಂದ ಮೇಲೆ ಕಚೇರಿಗಳು ಬರುತ್ತವೆ, ನಿವೇಶನದ ಬೆಲೆ ಏರುತ್ತದೆ; ತಾಲ್ಲೂಕಿನ ಬಹುಭಾಗ ಅರಣ್ಯವಾದ್ದರಿಂದ ವಿಸ್ತರಣೆಗೂ ಮಿತಿಯುಂಟು. ಪಟ್ಟಣ ಪಂಚಾಯಿತಿ ಇಂದು ಜಾಗ ಕಾದಿರಿಸದಿದ್ದರೆ ಹತ್ತು ವರ್ಷಗಳ ಬಳಿಕ ಕೊಳ್ಳುವ ಶಕ್ತಿ ಅದಕ್ಕಿರದು. ಇದೇ ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ನಿರಾಶ್ರಿತರಿಗೆ ಮನೆಯ ಜೊತೆಗೆ ಸಾಗುವಳಿ ಭೂಮಿಯೂ ದೊರೆಯಿತು ಎಂಬುದು ಗಮನಾರ್ಹ. ವಲಸೆ ಬಂದವರ ವಿಷಯದಲ್ಲಿ ಕಂಡುಕೊಂಡ ವಿವೇಕ ಊರಿನವರ ವಿಷಯದಲ್ಲಿ ಏಕೆ ಮರೆಯಾಯಿತೋ ತಿಳಿಯದು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಚಿಕ್ಕ ಪಟ್ಟಣ. ಪಕ್ಕದ ಮಾಂಬಳ್ಳಿಯಲ್ಲಿ ಸರ್ಕಾರಿ ರೇಷ್ಮೆ ನೂಲು ಕಾರ್ಖಾನೆ ನಡೆದ ಊರುಗಳ ಸೀಮೆ ಅದು. ನೂಲು ಬಿಚ್ಚುವ ಕೈಗಳು ಅಲ್ಲಿಗೆ ಹೊಸತಲ್ಲ. ಅಲ್ಲಿ ಹತ್ತಾರು ಮನೆಗಳಿಗೆ ಒಂದು ಸಾಮೂಹಿಕ ಕಾರ್ಯಾಗಾರ ಕಟ್ಟಿಸಿದರೂ ಸಾಕಾದೀತು.

ಮನೆಯಲ್ಲಿ ಕಸುಬಿಗೆ ಸ್ಥಳ ಕೊಟ್ಟರೆ ಅದು ಅಂಗಡಿಯಾಗಿ ಬಾಡಿಗೆಗೆ ಹೋಗುತ್ತದೆ ಎಂಬುದು ಅಧಿಕಾರಿಗಳ ಆಕ್ಷೇಪ. ಒಂದಷ್ಟು ಹೋದೀತು. ಅದನ್ನು ತಡೆಯುವ ಅಧಿಕಾರ ಹಕ್ಕುಪತ್ರದ ಷರತ್ತಿನಲ್ಲಿಯೇ ಇದೆ. ಖರ್ಚು ಹೆಚ್ಚುತ್ತದೆ ಎಂಬುದು ಇನ್ನೊಂದು ಮಾತು, ಅದು ನಿಜ. ಆದರೆ ಮಗ್ಗವೊಂದು ನಿಂತುಹೋದರೆ ಆ ಕುಟುಂಬಕ್ಕೆ ಮುಂದೆ ಬೇರೆ ಬೇರೆ ಬಾಬುಗಳಲ್ಲಿ ನೀಡಬೇಕಾಗುವ ನೆರವನ್ನು ಯಾರೂ ಕೂಡಿ ನೋಡುವುದಿಲ್ಲ.

2024ರ ಸೆಪ್ಟೆಂಬರ್‌ನಿಂದ ಐದು ವರ್ಷಗಳ ಅವಧಿಗೆ ಜಾರಿಗೆ ಬಂದಿರುವ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ಮನೆಯ ವಿಸ್ತೀರ್ಣವನ್ನು 45 ಚದರ ಮೀಟರ್‌ವರೆಗೆ ಒಯ್ಯಲು ಅವಕಾಶವಿದೆ. ಈ 15 ಚದರ ಮೀಟರ್‌ನಲ್ಲಿ ಮಗ್ಗವೊಂದು ಕೂರುತ್ತದೆ. ಹೀಗಾಗಿ ನಿಯಮ ಅಡ್ಡಿಯೆನ್ನುವಂತಿಲ್ಲ. ನಗರಸಭೆಯ ಅರ್ಜಿ ನಮೂನೆಯಲ್ಲಿ ಜಾತಿ, ವರಮಾನ, ಪಡಿತರ ಚೀಟಿಗಳ ಜೊತೆಗೆ ಮನೆಯಲ್ಲಿ ನಡೆಯುವ ಕಸುಬು ಯಾವುದು ಎಂಬ ಅಂಕಣವನ್ನೂ ಸೇರಿಸಬೇಕು. ಆಶ್ರಯ ಸಮಿತಿ ಆ ಅಂಕಣವನ್ನು ನೋಡಿ ನೆಲಮಹಡಿಯ ಮನೆಗಳನ್ನೂ ವಿಸ್ತರಿಸಬಹುದಾದ ನಿವೇಶನಗಳನ್ನೂ ಹಂಚಬೇಕು. ಹೆಚ್ಚುವರಿ ವಿಸ್ತೀರ್ಣದ ವೆಚ್ಚಕ್ಕೆ ಜವಳಿ ಇಲಾಖೆಯ ಅನುದಾನವನ್ನು ಜೋಡಿಸುವ ಪ್ರಸ್ತಾವವನ್ನು ಜಿಲ್ಲಾಡಳಿತವೇ ಕಳುಹಿಸಬಹುದು. ತಳಪಾಯದ ಮೊತ್ತವನ್ನು ಮುಂಗಡವಾಗಿ ಕೊಡಿಸುವ ಬಗೆಗೆ ಸ್ಥಳೀಯ ಸಹಕಾರಿ ಬ್ಯಾಂಕುಗಳೊಡನೆ ಮಾತುಕತೆಗೆ ಮೂರೂ ಊರುಗಳ ವರ್ತಕ ಸಂಘಗಳು ಮುಂದಾಗುವುದು ಉಚಿತ. ಆ ಮೊತ್ತ ಕಡೆಗೆ ಬಂದು ಸೇರುವುದು ಅವರ ಅಂಗಡಿಗಳಿಗೇ.