ನೀರಿನ ಮೇಲೆ ನಿಲ್ಲುವ ವಿದ್ಯೆ

ಪದವಿ ಪರೀಕ್ಷೆಯ ಫಲಿತಾಂಶ ಬಂದ ದಿನವೇ ಗ್ರಾಮೀಣ ತರುಣರ ಆಟದ ಬಾಳು ಮುಗಿಯಿತೆಂದು ಸಮಾಜವು ತಿಳಿದುಕೊಂಡಿದೆ. ಶಾಲೆಯಲ್ಲಿ ಕಬಡ್ಡಿಯ ಅಂಗಳವನ್ನು ಆಳಿದವನೂ ಕಾಲೇಜಿನಲ್ಲಿ ಓಟದ ಬಹುಮಾನ ಪಡೆದವಳೂ ಅಂಕಪಟ್ಟಿ ಕೈಗೆ ಬಂದೊಡನೆ ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳ ನಡುವೆ ಕುಳಿತುಬಿಡಬೇಕು. ಹೀಗಿರುವಾಗ ಭಾಲ್ಕಿ ತಾಲೂಕಿನ ಸಾಯಗಾಂವದಂತಹ ಊರಿನ ಪದವೀಧರನೊಬ್ಬನು ವಾಟರ್ ಸ್ಕೀಯಿಂಗ್ ಸ್ಪರ್ಧೆಗೆ ಇಳಿಯುವೆನೆಂದು ಹೇಳಿದರೆ ಮನೆಯ ಹಿರಿಯರು ನಗಬಹುದು, ಇಲ್ಲವೆ ಗಾಬರಿಗೊಳ್ಳಬಹುದು. ಎರಡಕ್ಕೂ ಕಾರಣವುಂಟು. ಆದರೆ ನಗು ಅಡಗಿದ ಮೇಲೆ ಉಳಿಯುವ ಪ್ರಶ್ನೆ ಗಂಭೀರವಾದುದು: ನೀರಿಗೂ ಈ ನೆಲದ ಮಕ್ಕಳಿಗೂ ಇರುವ ಸಂಬಂಧವೇನು?

ಮೊದಲು ಆ ಆಟದ ಸ್ವರೂಪವನ್ನು ಅರಿಯುವುದು ಒಳಿತು. ವೇಗವಾಗಿ ಸಾಗುವ ಮೋಟಾರು ದೋಣಿಗೆ ಕಟ್ಟಿದ ಹಗ್ಗವನ್ನು ಹಿಡಿದು, ಕಾಲಿಗೆ ಹಲಗೆಗಳನ್ನು ಬಿಗಿದುಕೊಂಡು ನೀರಿನ ಮೇಲೆ ನಿಂತು ಜಾರುವುದೇ ವಾಟರ್ ಸ್ಕೀಯಿಂಗ್. ಮುಂಗಾರಿಗೆ ಮುನ್ನ ಹೊಲ ಹದಗೊಳಿಸುವಾಗ ಕುಂಟೆಯ ಮೇಲೆ ಭಾರಕ್ಕೆಂದು ನಿಲ್ಲುವ ಹುಡುಗನಿಗೆ ಇದರ ಅರ್ಧ ಗುಟ್ಟು ತಿಳಿದೇ ಇರುತ್ತದೆ. ಎಳೆಯುವ ಶಕ್ತಿ ಎತ್ತಿನದು; ಮೈಯ ತೂಕವನ್ನು ಹಿಂದಕ್ಕೆ ಹಾಕಿ, ಮೊಣಕಾಲನ್ನು ಸಡಿಲಬಿಟ್ಟು, ಬೀಳದೆ ನಿಲ್ಲುವುದಷ್ಟೇ ಅವನ ಕೆಲಸ. ನೀರಿನಲ್ಲಿಯೂ ಹಾಗೆಯೇ. ಕಲಿಯುವವನು ಮೊಣಕಾಲುಗಳನ್ನು ಎದೆಯ ಬಳಿಗೆ ತಂದು, ಹಲಗೆಯ ತುದಿಗಳನ್ನು ನೀರಿನಿಂದ ಮೇಲೆತ್ತಿ, ಕೈಗಳನ್ನು ನೀಳವಾಗಿ ಚಾಚಿ ಕುಳಿತಿರಬೇಕು. ದೋಣಿಯೇ ಅವನನ್ನು ಎಬ್ಬಿಸುತ್ತದೆ. ಅವಸರಪಟ್ಟು ತಾನೇ ಏಳಹೋದವನೂ ಹಗ್ಗವನ್ನು ಎದೆಗೆ ಸೆಳೆದುಕೊಂಡವನೂ ಬೀಳುತ್ತಾರೆ.

ಈ ಆಟ ಸಿರಿವಂತರ ಅರಮನೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ 1922ರಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ 18ರ ತರುಣ ಇದನ್ನು ಮೊದಲು ಸಾಧಿಸಿದ. ಪೀಪಾಯಿಯ ಹಲಗೆಗಳನ್ನು ಕಟ್ಟಿಕೊಂಡು ನೋಡಿದ, ಮುಳುಗಿದ. ಹಿಮದ ಮೇಲೆ ಜಾರುವ ಹಲಗೆಗಳನ್ನು ಪ್ರಯತ್ನಿಸಿದ, ಅದೂ ಆಗಲಿಲ್ಲ. ಕೊನೆಗೆ ಮರದ ಅಡ್ಡೆಯಿಂದ ಎರಡು ಹಲಗೆಗಳನ್ನು ತಂದು, ಅವುಗಳ ತುದಿಯನ್ನು ತಾಯಿಯ ತಾಮ್ರದ ಪಾತ್ರೆಯಲ್ಲಿ ಕುದಿಸಿ ಬಾಗಿಸಿದ. ಅಣ್ಣ ದೋಣಿ ನಡೆಸಿದ. ಜುಲೈ 2ರಂದು ಹಲಗೆಯ ತುದಿ ಮೇಲಿರುವಂತೆ ಹಿಂದಕ್ಕೆ ವಾಲಿದಾಗ ಅವನು ನೀರಿನ ಮೇಲೆ ನಿಂತ. ಆತನಿಗೆ ಗುರುವಿರಲಿಲ್ಲ, ಹಣವಿರಲಿಲ್ಲ; ಸೋಲಿನ ಕಾರಣವನ್ನು ಹುಡುಕುವ ತಾಳ್ಮೆ ಇತ್ತು. 1949ರಲ್ಲಿ ಫ್ರಾನ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಈ ಆಟವನ್ನು ಪ್ರದರ್ಶನಕ್ಕೆಂದು ಸೇರಿಸಲಾಗಿತ್ತು.

ಸ್ಪರ್ಧೆಯಲ್ಲಿ ಮುಖ್ಯವಾಗಿ ಮೂರು ವಿಭಾಗಗಳಿವೆ: ಸ್ಲಾಲಂ, ಟ್ರಿಕ್ಸ್ ಮತ್ತು ಜಿಗಿತ. ಟ್ರಿಕ್ಸ್‌ನಲ್ಲಿ 20 ಸೆಕೆಂಡುಗಳ ಎರಡು ಅವಕಾಶಗಳೊಳಗೆ ತಿರುವು ಮುರುವುಗಳ ಚಮತ್ಕಾರ ತೋರಬೇಕು. ಜಿಗಿತದಲ್ಲಿ ಇಳಿಜಾರು ಹಲಗೆಯೇರಿ ದೂರಕ್ಕೆ ಹಾರಬೇಕು. ಸ್ಲಾಲಂ ವಿಭಾಗದ ಲೆಕ್ಕಾಚಾರವಂತೂ ಗಣಿತದ ಅಧ್ಯಾಪಕರಿಗೂ ಪ್ರಿಯವಾದೀತು. ಆರು ತೇಲುಗುಂಡುಗಳನ್ನು ಎಡಬಲವಾಗಿ ಸುತ್ತಿ ಬರಬೇಕು. ದೋಣಿಯ ಗರಿಷ್ಠ ವೇಗ ಗಂಟೆಗೆ ಪುರುಷರಿಗೆ 58, ಮಹಿಳೆಯರಿಗೆ 55 ಕಿಲೋಮೀಟರು. ಆ ವೇಗವನ್ನು ಮುಟ್ಟಿದ ಬಳಿಕ ದೋಣಿಯ ಓಟ ಹೆಚ್ಚುವುದಿಲ್ಲ; ಹಗ್ಗ ಕಿರಿದಾಗುತ್ತ ಹೋಗುತ್ತದೆ. 18.25 ಮೀಟರಿನ ಹಗ್ಗ ಹಂತಹಂತವಾಗಿ 11.25 ಮೀಟರಿಗೆ ಇಳಿಯುತ್ತದೆ, ಅದಕ್ಕೂ ಕೆಳಗೆ ಹೋಗುತ್ತದೆ. ಆದರೆ ದೋಣಿಯ ದಾರಿಯ ನಡುಗೆರೆಯಿಂದ ತೇಲುಗುಂಡು ಇರುವುದು 11.5 ಮೀಟರು ದೂರದಲ್ಲಿ! ಹಗ್ಗ ಮುಟ್ಟದ ಕಡೆಗೆ ಮೈಯನ್ನು ಚಾಚಿಯೇ ತಲುಪಬೇಕು. ಸಾಧನ ಕುಗ್ಗಿದಂತೆ ಸಾಧಕನು ಹಿಗ್ಗಬೇಕಾದ ಆಟವಿದು.

ಪದವಿ ಮುಗಿಸಿದವನಿಗೆ ವಯಸ್ಸು ಮೀರಿತಲ್ಲವೇ ಎಂಬ ಆಕ್ಷೇಪ ಸಹಜ. ವಿಶ್ವವಿಜೇತನಾಗಲು ಮೀರಿರಬಹುದು, ಸ್ಪರ್ಧಿಯಾಗಲು ಮೀರಿಲ್ಲ. ಈ ಕ್ರೀಡೆಯಲ್ಲಿ 35, 45, 55 ವರ್ಷ ದಾಟಿದವರಿಗೂ ಪ್ರತ್ಯೇಕ ವಿಭಾಗಗಳುಂಟು. ಕಡಿಮೆ ವೇಗ, ಉದ್ದ ಹಗ್ಗದಿಂದ ಆರಂಭಿಸಿ, ನಿನ್ನೆ ಎರಡು ಗುಂಡು ಸುತ್ತಿದವನು ಇಂದು ಮೂರು ಸುತ್ತಿದರೆ ತನ್ನ ಪ್ರಗತಿಯನ್ನು ತಾನೇ ಅಳೆದುಕೊಳ್ಳಬಹುದು.

ಕರ್ನಾಟಕದಲ್ಲೇ ಇದಕ್ಕೆ ಹತ್ತಿರದ ನಿದರ್ಶನವೊಂದಿದೆ. ಮುಂಬಯಿಯ ಇಶಿತಾ ಮಾಳವೀಯ ಅವರು ಮಣಿಪಾಲಕ್ಕೆ ಬಂದದ್ದು ಪತ್ರಿಕೋದ್ಯಮ ಓದಲೆಂದು. 2007ರಲ್ಲಿ, ವಿದ್ಯಾರ್ಥಿನಿಯಾಗಿದ್ದಾಗಲೇ, ಕರಾವಳಿಯ ಆಶ್ರಮವೊಂದರಲ್ಲಿ ಸಾಧಕರು ಅಲೆಗಳ ಮೇಲೆ ಹಲಗೆಯಾಟವಾಡುವರೆಂದು ತಿಳಿದು ಅಲ್ಲಿ ಸರ್ಫಿಂಗ್ ಕಲಿತರು. ಅವರಿಗೂ ಗೆಳೆಯ ತುಷಾರ್ ಪಥಿಯನ್ ಅವರಿಗೂ ಬಹುಕಾಲ ಇದ್ದದ್ದು ಒಂದೇ ಹಲಗೆ, ಸರದಿಯಂತೆ ಬಳಸಿದರು. ಮುಂದೆ ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ನೆಲೆಗೊಂಡಿತು. ಮೀನುಗಾರರ ಮಕ್ಕಳೂ ಅಲ್ಲಿ ಕಲಿತರು. ಭಾರತದ ಮೊದಲ ಮಹಿಳಾ ಸರ್ಫರ್ ಎಂಬ ಹೆಸರು ಇಶಿತಾ ಅವರಿಗೆ ಬಂತು. 2025ರ ಆಗಸ್ಟಿನಲ್ಲಿ ಮಹಾಬಲಿಪುರದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬುದಿಹಾಳ್ ಅವರು ಕಂಚು ಗೆದ್ದು, ಆ ಕೂಟದಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯರಾದರು. ಹಲಗೆಯೂ ಇಲ್ಲದ ನಾಡಿನಲ್ಲಿ ಎರಡು ದಶಕದೊಳಗೆ ಪದಕ ಬಂದುದು ಸಾಮಾನ್ಯ ಮಾತಲ್ಲ.

ಆದರೆ ಕಡಲು ಇದ್ದ ಕಡೆಯ ಮಾತು ಬೇರೆ, ಬೀದರಿನ ಮಾತು ಬೇರೆ ಎನ್ನಬಹುದು. ನಿಜ. ಮಾಂಜ್ರಾ ನದಿ ಒಮ್ಮೆ ಉಕ್ಕಿ ದಂಡೆಯ ತೊಗರಿ, ಸೋಯಾ ಹೊಲಗಳನ್ನು ನುಂಗುತ್ತದೆ, ಮತ್ತೊಮ್ಮೆ ಬರೀ ಮರಳಾಗಿ ಮಲಗುತ್ತದೆ. 2016ರಲ್ಲಿ ಇದೇ ನದಿಯ ಕಣಿವೆಯ ಲಾತೂರಿಗೆ ಕುಡಿಯುವ ನೀರನ್ನು ರೈಲಿನಲ್ಲಿ ತರಬೇಕಾಯಿತು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯ ಸುಮಾರು 7.69 ಟಿ.ಎಂ.ಸಿ. ಸಾಮರ್ಥ್ಯದ್ದು, ಅದು ಹೊಲಗಳ ನೀರು, ಕುಡಿಯುವ ನೀರು. ಅಲ್ಲಿ ಎಣ್ಣೆ ಉಗುಳುವ ದೋಣಿಗಳನ್ನು ಓಡಿಸಿರೆಂದು ಕೇಳುವುದು ವಿವೇಕವಲ್ಲ. ಬಹಮನಿಯರ ಕಾಲದಲ್ಲಿ ನೆಲದಡಿ ಕರೇಜ್ ಕೊರೆದು ಹನಿಹನಿಯನ್ನು ಊರಿಗೆ ತಂದ ಜಿಲ್ಲೆ ನೀರಿನ ಬೆಲೆಯನ್ನು ಮರೆಯಬಾರದು.

ಹಾಗಾದರೆ ಸಾಯಗಾಂವದ ತರುಣನಿಗೆ ದಾರಿ ಯಾವುದು? ಮೊದಲನೆಯದು ಈಜು. ಹಿಂದೆ ಬಾವಿಗಳಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಹಿರಿಯರ ಕಣ್ಣೆದುರಿನಲ್ಲಿ ಹುಡುಗರು ಈಜು ಕಲಿಯುತ್ತಿದ್ದರು. ಕೊಳವೆಬಾವಿಗಳು ಬಂದವು, ತೆರೆದ ಬಾವಿಗಳು ಬತ್ತಿದವು, ಆ ಪಾಠಶಾಲೆಯೂ ಮುಚ್ಚಿತು. ಹುಡುಗಿಯರಿಗಂತೂ ಅದು ತೆರೆದೇ ಇರಲಿಲ್ಲ. ಇತ್ತ 2014ರ ಕೃಷಿ ಭಾಗ್ಯ ಯೋಜನೆಯ ಬಳಿಕ ಒಣಬೇಸಾಯದ ಹೊಲಗಳಲ್ಲಿ ಕೃಷಿಹೊಂಡಗಳು ಹೆಚ್ಚಿದವು. ಪ್ಲಾಸ್ಟಿಕ್ ಹೊದಿಸಿದ ಅವುಗಳ ಅಂಚು ಜಾರುತ್ತದೆ. ಬಿದ್ದ ಮಗುವಿಗೆ ಹಿಡಿಯಲು ಹುಲ್ಲುಕಡ್ಡಿಯೂ ಸಿಗದು. ನೀರು ಹತ್ತಿರ ಬಂತು, ಈಜು ದೂರವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಬಾಲ್ಯದಲ್ಲಿ ಮುಳುಗುವುದರಿಂದ ಪಾರಾದ ನಿಶಾ ಮಿಲೆಟ್ ಅವರಿಗೆ ತಂದೆ ನೀರನ್ನು ನಿಷೇಧಿಸಲಿಲ್ಲ, ಈಜು ಕಲಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅವರು ಭಾರತದ ಪರವಾಗಿ ಈಜಿದರು. ಹೆದರಿಕೆಗೆ ಮದ್ದು ದೂರವಲ್ಲ, ವಿದ್ಯೆ.

ಎರಡನೆಯದು ಜೀವರಕ್ಷಣೆಯ ತರಬೇತಿ. ಗೋವೆಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಕರಿಗೂ ಯಂತ್ರದೋಣಿ ನಡೆಸುವವರಿಗೂ ಶಿಕ್ಷಣವುಂಟು. ಪದವೀಧರನು ಅಲ್ಲಿ ಕಲಿತರೆ ನೀರಿನ ಬಳಿಯೇ ಕಾಯಕ ದೊರಕುವ ಸಂಭವವಿದೆ. ದೋಣಿಯ ಹಿಂದೆ ನಿಲ್ಲುವ ಅವಕಾಶ ಆಗ ಹತ್ತಿರವಾಗುತ್ತದೆ. ಸ್ಪರ್ಧೆಯು ಮೂರನೆಯ ಮೆಟ್ಟಿಲು. ಅದರಿಂದ ನೌಕರಿ ಸಿಕ್ಕೀತೆಂದು ಯಾರೂ ಆಸೆ ಹುಟ್ಟಿಸಬಾರದು. ಮೊದಲ ಎರಡು ಮೆಟ್ಟಿಲುಗಳನ್ನು ಏರಿದವನಿಗೆ ಮೂರನೆಯದು ಕೈಗೂಡದಿದ್ದರೂ ಶ್ರಮ ವ್ಯರ್ಥವಾಗದು: ಊರಿನ ಹೊಂಡದಲ್ಲಿ ಬಿದ್ದ ಒಂದು ಮಗುವನ್ನು ಎತ್ತಿ ತಂದರೆ ಅದಕ್ಕಿಂತ ದೊಡ್ಡ ಪದಕವುಂಟೆ?

ಇಲ್ಲಿಯೇ ವಿದ್ಯಾಸಂಸ್ಥೆಗಳ ಹೊಣೆ ಬರುತ್ತದೆ. ದಾನಿಗಳು ಕೊಠಡಿ ಕಟ್ಟಿಸುತ್ತಾರೆ. ಬಾಗಿಲ ಮೇಲೆ ಅವರ ಹೆಸರಿನ ಶಿಲಾಫಲಕವಿರುತ್ತದೆ, ಅದು ಸಲ್ಲತಕ್ಕದ್ದೇ. ಈಜು ಕಲಿಸುವ ಶಿಕ್ಷಕನ ವೇತನಕ್ಕೆ, ಒಂದು ಸಾಧಾರಣ ಕೊಳಕ್ಕೆ, ಹತ್ತು ಜೀವರಕ್ಷಕ ಅಂಗಿಗಳಿಗೆ ಕೊಟ್ಟ ಹಣಕ್ಕೆ ಫಲಕ ಹಾಕಲು ಗೋಡೆಯಿರುವುದಿಲ್ಲ. ಆದರೂ ಆ ದಾನ ಕೊಠಡಿಗಿಂತ ಕಿರಿದಲ್ಲ. ದೂರದ ನಗರಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತರಬೇತಿಗೆ ಹೋಗುವ ಒಬ್ಬನಿಗೆ, ಒಬ್ಬಳಿಗೆ ಆಶ್ರಯವಿತ್ತರೂ ಸಾಕು. ಶಿಕ್ಷಕರು ಹತ್ತನೆಯ ತರಗತಿಯ ಪ್ರತಿ ಮಗುವೂ ಈಜಬಲ್ಲದೆಂದು ಹೇಳುವ ದಿನಕ್ಕಾಗಿ ದುಡಿಯಬೇಕು.

ಸಾಯಗಾಂವದ ತರುಣನೋ ತರುಣಿಯೋ ಎಂದಾದರೊಂದು ದಿನ ನೀರಿನ ಮೇಲೆ ನಿಂತು ಆರನೆಯ ಗುಂಡನ್ನು ಸುತ್ತಬಹುದು, ಸುತ್ತದಿರಬಹುದು. ಆದರೆ ನೀರಿನಲ್ಲಿ ಮುಳುಗದಿರಲು ಕಲಿಸದ ಶಿಕ್ಷಣ, ನೀರಿನ ಮೇಲೆ ನಿಲ್ಲುವೆನೆಂದವರನ್ನು ಕಂಡು ನಗುವ ಹಕ್ಕನ್ನು ಪಡೆದಿಲ್ಲ.