ಕಡಲ ನೀರು ಬಿಟ್ಟಿ ಸಿಗುತ್ತೆ, ಸರಿ. ಯಾವ ತಿಂಗಳದ್ದು?

ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ನಡುವೆ ಒಂದು ಜಗಳ ಯಾವತ್ತೂ ಮುಗಿಯಲ್ಲ. ಟ್ಯಾಂಕಿಗೆ ಕಡಲ ನೀರನ್ನೇ ತಂದು ಹಾಕಬಹುದಾ, ಇಲ್ಲಾ ಅಂಗಡಿಯ ರೀಫ್ ಸಾಲ್ಟ್ ತಂದು ಆರ್‌ಓ ನೀರಿಗೆ ಬೆರೆಸಬೇಕಾ? ನಮ್ಮ ಬ್ಯಾಚಿನಲ್ಲೂ ಇದು ಶುರುವಾಗಿ ಒಂದು ಸೆಮಿಸ್ಟರ್ ಆಯ್ತು. ಅರ್ಧ ಜನ, ಇಷ್ಟು ಹತ್ತಿರ ಕಡಲು ಇಟ್ಕೊಂಡು ದುಡ್ಡು ಕೊಟ್ಟು ಉಪ್ಪು ತರೋದಾ ಅಂತ ನಗ್ತಾರೆ. ಇನ್ನರ್ಧ ಜನ, ಬೀಚ್ ನೀರು ಗಲೀಜು, ಹಾಕಿದ್ರೆ ಮೀನು ಸತ್ತೇ ಹೋಗುತ್ತೆ ಅಂತಾರೆ. ನಮಗೆ ಅನಿಸೋದು, ಎರಡೂ ಕಡೆಯವರು ಕಡಲನ್ನು ಒಂದೇ ಒಂದು ಸಲವೂ ಅಳೆಯದೆ ಮಾತಾಡ್ತಿದ್ದಾರೆ. ಮಂಗಳೂರು ಕಡೆಯ ಕಡಲು ಫೆಬ್ರವರಿಯಲ್ಲಿ ಒಂದು ನೀರು, ಜುಲೈಯಲ್ಲಿ ಬೇರೆಯೇ ನೀರು. ಹಾಗಾಗಿ "ಹಾಕಬಹುದಾ" ಅನ್ನೋ ಪ್ರಶ್ನೆಗೆ ಹೌದು-ಅಲ್ಲ ಅಂತ ಉತ್ತರವೇ ಇಲ್ಲ.

ಮೊದಲು ಹೆದರುವವರಿಗೆ ಒಂದು ಮಾತು. ಅಮೆರಿಕದ ಮಾಂಟೆರೆ ಬೇ ಅಕ್ವೇರಿಯಂ 1984ರಲ್ಲಿ ಶುರುವಾದದ್ದು, ಪ್ರಪಂಚದ ಹೆಸರುವಾಸಿ ಅಕ್ವೇರಿಯಂಗಳಲ್ಲಿ ಒಂದು. ಅಲ್ಲಿಯವರು ಎದುರಿಗಿರುವ ಕೊಲ್ಲಿಯ ನೀರನ್ನೇ ಪಂಪ್ ಮಾಡಿ ಬಳಸ್ತಾರೆ. ನೋಡೋಕೆ ಜನ ಬರುತ್ತಾರೆ ಅಂತ ಹಗಲು ಫಿಲ್ಟರ್ ಮಾಡ್ತಾರೆ, ರಾತ್ರಿ ಹಸಿ ನೀರನ್ನೇ ಬಿಡ್ತಾರೆ, ಅದರ ಜೊತೆ ಬರುವ ಸಣ್ಣ ಜೀವಿಗಳು ಟ್ಯಾಂಕಿನ ಪ್ರಾಣಿಗಳಿಗೆ ಊಟ. ಅಂದರೆ ಕಡಲ ನೀರು ಅನ್ನೋದೇ ವಿಷ ಅಲ್ಲ. ರೀಫ್ ಸಾಲ್ಟ್ ಕಂಪನಿಗಳು ಪ್ಯಾಕೆಟ್ಟಿನಲ್ಲಿ ನಕಲು ಮಾಡೋಕೆ ಹೊರಟಿರುವುದೂ ಅದನ್ನೇ ತಾನೇ. ಕಡಲ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಸುಮಾರು ಶೇ. 85. ಉಳಿದ 15ರಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇದೆ. ಅಡುಗೆ ಉಪ್ಪು ಕಲಸಿದರೆ ಆಗಲ್ವಾ ಅಂತ ಕೇಳಿದ ಗೆಳೆಯನಿಗೆ ಈ 15ರ ಲೆಕ್ಕವೇ ಉತ್ತರ.

ಈಗ ನಗುವವರಿಗೆ. ತೆರೆದ ಕಡಲಿನ ಸಲಿನಿಟಿ ಸುಮಾರು 35, ಅಂದರೆ ಒಂದು ಕೆಜಿ ನೀರಿನಲ್ಲಿ 35 ಗ್ರಾಂ ಉಪ್ಪು. (ಲವಣಾಂಶ ಅಂತ ಬರೆಯೋಕೆ ಹೊರಟಿದ್ದೆವು, ಆದರೆ ಲ್ಯಾಬಿನಲ್ಲಿ ಯಾರೂ ಹಾಗೆ ಹೇಳಲ್ಲ ಬಿಡಿ.) ಆ 35 ನಮ್ಮ ದಡದಲ್ಲಿ ವರ್ಷಪೂರ್ತಿ ಸಿಗಲ್ಲ. ನೇತ್ರಾವತಿ ಮತ್ತು ಗುರುಪುರ ನದಿ ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಘಟ್ಟದ ಮಳೆಯೆಲ್ಲ ಅಲ್ಲಿಂದ ಇಳಿಯುತ್ತೆ. ಉತ್ತರಕ್ಕೆ ಹೋದರೆ ಮೂಲ್ಕಿಯಲ್ಲಿ ಮತ್ತೊಂದು ಅಳಿವೆ. ಜುಲೈಯಲ್ಲಿ ದಡದ ನೀರು ಕೆಂಪಗೆ ಕಾಣೋದನ್ನು ನೀವೆಲ್ಲ ನೋಡಿದ್ದೀರಿ. ಅದು ಅರ್ಧ ಕಡಲು, ಅರ್ಧ ಹೊಳೆ.

ಇಲ್ಲಿ ಇಂಜಿನಿಯರಿಂಗ್ ತಲೆಗೆ ತಕ್ಷಣ ಹೊಳೆಯೋದು, ಸಲಿನಿಟಿ 28 ಇದ್ರೆ ಲೀಟರಿಗೆ ಏಳು ಗ್ರಾಂ ಉಪ್ಪು ಸೇರಿಸಿ 35 ಮಾಡಿದರಾಯ್ತು ಅಂತ. ಆಗಲ್ಲ. ಹೊಳೆಯ ನೀರು ಬರುವಾಗ ಖಾಲಿ ಕೈಯಲ್ಲಿ ಬರಲ್ಲ, ಗದ್ದೆ-ತೋಟದ ಗೊಬ್ಬರ, ಊರಿನ ಚರಂಡಿ, ಮಣ್ಣು ಎಲ್ಲ ಹೊತ್ತುಕೊಂಡು ಬರುತ್ತೆ. ಮೀಟರಿನಲ್ಲಿ 35 ತೋರಿಸಿದರೂ ನೈಟ್ರೇಟು, ಫಾಸ್ಫೇಟು ಅಲ್ಲೇ ಇರುತ್ತೆ, ವಾರ ಕಳೆಯೋದರಲ್ಲಿ ಗಾಜಿನ ತುಂಬ ಪಾಚಿ. ಸಾಲದ್ದಕ್ಕೆ ಮುಂಗಾರಿನಲ್ಲಿ ನಮ್ಮ ಕರಾವಳಿಯ ಉದ್ದಕ್ಕೂ ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತೆ. ಅದರಲ್ಲಿ ಪೋಷಕಾಂಶ ಜಾಸ್ತಿ, ಆಕ್ಸಿಜನ್ ಕಡಿಮೆ. ಮೀನುಗಾರಿಕೆಗೆ ಅದರಿಂದ ಒಳ್ಳೆಯದೇ, ಆ ಪೋಷಕಾಂಶದಿಂದಲೇ ಬಂಗುಡೆ, ಬೂತಾಯಿಗೆ ಮೇವು. ನೂರು ಲೀಟರಿನ ಗಾಜಿನ ಪೆಟ್ಟಿಗೆಗೆ ಮಾತ್ರ ಅದು ಬೇಡ.

ಮಳೆ ನಿಂತ ಕೂಡಲೇ ಎಲ್ಲ ಸರಿಯಾಯ್ತು ಅಂತಲೂ ಅಲ್ಲ. ನಮಗೆ ತುಂಬ ಆಶ್ಚರ್ಯ ತಂದದ್ದು ಇದು: ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕಾ ಸುತ್ತಿ, ಪಶ್ಚಿಮ ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಹರಿದು ನಮ್ಮ ತನಕ ಬರುತ್ತೆ. ಗಂಗೆ-ಗೋದಾವರಿಯ ನೀರಿನ ಒಂದಂಶ ಸುತ್ತು ಹಾಕಿ ಮಂಗಳೂರಿಗೆ! ಅದು ಹಿಂದೆ ಸರಿದು, ಬಿಸಿಲು ಏರಿ, ಹೊಳೆಗಳು ಬಡವಾದ ಮೇಲೆ ನಮ್ಮ ಕಡಲು ನಿಜವಾದ ಕಡಲಾಗುತ್ತೆ. ಅಂದಾಜು ಫೆಬ್ರವರಿಯಿಂದ ಮೇ ಮಧ್ಯದ ತನಕ. ಆ ಮೂರೂವರೆ ತಿಂಗಳು ಕಡಲ ನೀರು ಹಾಕಿ, ಉಳಿದ ಕಾಲ ಪ್ಯಾಕೆಟ್ ಉಪ್ಪು ಬಳಸಿ ಅನ್ನೋದು ನಮ್ಮ ನಿಲುವು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇದೆಯಲ್ಲ, ಆ 61 ದಿನ ಕ್ಯಾನ್ ಹಿಡಿದು ಕಡಲ ಕಡೆ ಹೋಗುವವರಿಗೂ ನಿಷೇಧ ಅಂತ ಇಟ್ಕೊಳ್ಳಿ.

ಎಲ್ಲಿ ತುಂಬಬೇಕು ಅನ್ನೋದು ಯಾವಾಗ ಅನ್ನೋದರಷ್ಟೇ ಮುಖ್ಯ. ಅಳಿವೆ ಹತ್ತಿರ ಬೇಡ. ದಕ್ಕೆಯಲ್ಲಿ, ಬಂದರಿನಲ್ಲಿ ಖಂಡಿತ ಬೇಡ. ಬೋಟಿನ ತಳಕ್ಕೆ ಚಿಪ್ಪು ಅಂಟದ ಹಾಗೆ ಬಳಿಯುವ ಪೇಂಟಿನಲ್ಲಿ ತಾಮ್ರ ಇರೋದು ಸಾಮಾನ್ಯ. ಮೀನು ಸ್ವಲ್ಪ ತಾಮ್ರ ತಡೆದುಕೊಂಡೀತು, ಸೀಗಡಿ, ಬಸವನಹುಳು, ಹವಳದಂಥ ಜೀವಿಗಳು ತಡೆಯಲ್ಲ. ದಡದಿಂದಲೇ ತುಂಬೋದಾದರೆ ಉಬ್ಬರದ ಹೊತ್ತಿಗೆ ಹೋಗಿ, ಇಳಿತದಲ್ಲಿ ಅಳಿವೆಯ ನೀರು ಹೊರಗೆ ಬಂದು ದಡಕ್ಕೇ ಅಂಟಿಕೊಂಡಿರುತ್ತೆ. ಇನ್ನೊಂದು, ಕೆಲವು ವರ್ಷ ನಮ್ಮ ಬೀಚುಗಳಲ್ಲಿ ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತೆ, ಎಲ್ಲರೂ ರೀಲ್ಸ್ ಮಾಡೋಕೆ ಓಡ್ತೇವೆ. ಅದು ಸೂಕ್ಷ್ಮಜೀವಿಗಳು ಒಮ್ಮೆಗೇ ವಿಪರೀತ ಹೆಚ್ಚಿದ ಗುರುತು. ಆ ವಾರ ರೀಲ್ಸ್ ಮಾತ್ರ ಮಾಡಿ, ನೀರು ತರಬೇಡಿ.

ಎಲ್ಲಕ್ಕಿಂತ ಒಳ್ಳೆಯದು ಬೋಟಿನವರನ್ನು ಕೇಳೋದು. ಹೊರಗಿನಿಂದ ಎರಡು ಕ್ಯಾನ್ ನೀರು ತಂದುಕೊಡ್ತೀರಾ ಅಂದರೆ, "ಎಂಥದು ಮಕ್ಕಳೇ, ಮೀನು ಬಿಟ್ಟು ನೀರು ತಕೊಂಡು ಹೋಗುದಾ?" ಅಂತ ನಗ್ತಾರೆ, ಆಮೇಲೆ ತಂದೂ ಕೊಡ್ತಾರೆ. ಯಾವ ಕಡೆ ನೀರು ತಿಳಿ, ಯಾವತ್ತು ಕಲಕಿದೆ ಅನ್ನೋದು ಅವರಿಗೆ ಗೊತ್ತಿರುವಷ್ಟು ನಮ್ಮ ಯಾವ ಸೆನ್ಸರಿಗೂ ಗೊತ್ತಿಲ್ಲ. ಕ್ಯಾನ್ ಮಾತ್ರ ನಿಮ್ಮದೇ ಕೊಡಿ, ಕುಡಿಯುವ ನೀರಿನದ್ದು. 20 ಲೀಟರ್ ಕಡಲ ನೀರು ಇಪ್ಪತ್ತೂವರೆ ಕೆಜಿ ತೂಗುತ್ತೆ ಅನ್ನೋದನ್ನು ಸ್ಕೂಟರ್ ತರುವ ಮೊದಲೇ ಯೋಚಿಸಿ.

ತಂದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿ, ಬೆಳಕು ಬೀಳದ ಕಡೆ ಎರಡು-ಮೂರು ವಾರ ಇಟ್ಟರೆ ಜೀವಿಗಳು ಸತ್ತು ಕೆಸರು ಕೆಳಗೆ ಕೂರುತ್ತೆ. ಮೇಲಿನ ತಿಳಿಯನ್ನು ಬೇರೆ ಮಾಡಿ ಒಂದು ದಿನ ಗಾಳಿ ಆಡಿಸಿ, ಸಲಿನಿಟಿ, ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ನೋಡಿ ಹಾಕಿ. ಒಂದು ಸಲಕ್ಕೆ ಹತ್ತನೇ ಒಂದು ಭಾಗ ಸಾಕು.

ನೀರು ಆವಿಯಾಗಿ ಇಳಿದಾಗ ಕಡಲ ನೀರನ್ನೇ ಸುರಿಯುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. 100 ಲೀಟರಿನಲ್ಲಿ ಲೀಟರಿಗೆ 35 ಗ್ರಾಂ ಅಂದರೆ ಮೂರೂವರೆ ಕೆಜಿ ಉಪ್ಪು. 5 ಲೀಟರ್ ಆವಿಯಾದರೆ ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ. ಮತ್ತೆ 5 ಲೀಟರ್ ಕಡಲ ನೀರು ಹಾಕಿದರೆ 175 ಗ್ರಾಂ ಉಪ್ಪು ಹೆಚ್ಚಾಯ್ತು, ಲೀಟರಿಗೆ 36.75. ನಾಲ್ಕು ಸಲ ಹೀಗೆ ಮಾಡಿದರೆ 42. ಅಲ್ಲಿಗೆ ಬೇಕಾದ್ದು ಸಿಹಿನೀರು. ಫಸ್ಟ್ ಇಯರಿನ ಮಾಸ್ ಬ್ಯಾಲೆನ್ಸ್ ಅಷ್ಟೇ.

ನೀರು ತರಬಹುದು ಅಂತ ಹೇಳಿದ್ದನ್ನು ಹವಳಕ್ಕೂ ಯಾರೂ ಹಿಗ್ಗಿಸಬೇಡಿ. ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ಹವಳ ಇದೆ, ಡೈವಿಂಗ್‌ಗೆ ಹೋದವರು ನೋಡಿರ್ತೀರಿ. ದಿಬ್ಬ ಕಟ್ಟುವ ಗಟ್ಟಿ ಹವಳ 2001ರಿಂದ 1972ರ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿದೆ, ಹುಲಿ ಇರುವ ಪಟ್ಟಿಯದು. ಒಂದು ತುಂಡು ಮುರಿದು ತಂದರೂ ಅಪರಾಧ. ನಮ್ಮ ಡೇ ಸ್ಕಾಲರ್ ಗೆಳೆಯನ ಮನೆಯ ಟ್ಯಾಂಕನ್ನು ರೀಫ್ ಟ್ಯಾಂಕ್ ಅಂತಲೇ ಕರೀತೇವೆ, ಒಳಗೆ ಗಟ್ಟಿ ಹವಳ ಒಂದೂ ಇಲ್ಲ. ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು, ಒಂದು ಸೀಗಡಿ, ಒಣಗಿದ ಕಲ್ಲು. ಅವನ ಅಮ್ಮನ ಪ್ರಕಾರ ಇಷ್ಟಕ್ಕೇ ಕರೆಂಟ್ ಬಿಲ್ ಜಾಸ್ತಿಯಾಗಿದೆ.

ನಮಗೆ ಬೇಜಾರು ಇರೋದು ಬೇರೆ ವಿಷಯಕ್ಕೆ. ಫ್ಲೋರಿಡಾದ ನೀರಿನ ಬಗ್ಗೆ, ಆಸ್ಟ್ರೇಲಿಯಾದ ನೀರಿನ ಬಗ್ಗೆ ಅಲ್ಲಿಯ ಹವ್ಯಾಸಿಗಳು ಬರೆದಿದ್ದು ಎಷ್ಟು ಬೇಕಾದರೂ ಸಿಗುತ್ತೆ. ನಾವು ಅದನ್ನೇ ಓದಿ ಇಲ್ಲಿ ಜಗಳ ಆಡ್ತೇವೆ. ನಮ್ಮದೇ ದಡದ ನೀರನ್ನು ವಾರಕ್ಕೊಮ್ಮೆ ಅಳೆದು ಬರೆದಿಟ್ಟರೆ ಈ ಜಗಳ ಒಂದೇ ವರ್ಷದಲ್ಲಿ ಮುಗಿಯುತ್ತೆ. ಸಲಿನಿಟಿ ನೋಡೋಕೆ ರಿಫ್ರ್ಯಾಕ್ಟೋಮೀಟರ್ ಸಾಕು. ತಾಮ್ರ ನೋಡೋಕೆ ಕೆಮಿಸ್ಟ್ರಿಯವರ ಸಹಾಯ ಬೇಕು, ಆ ಮಟ್ಟದ ತಾಮ್ರ ಮನೆಯ ಟೆಸ್ಟ್ ಕಿಟ್ಟಿಗೆ ಸಿಗಲ್ಲ. ಭಾನುವಾರ ಬೆಳಿಗ್ಗೆ ಉಬ್ಬರದ ಹೊತ್ತಿಗೆ ಹೋಗಿ ಒಂದು ಬಾಟಲಿ ತುಂಬಿ, ದಿನಾಂಕ, ಜಾಗ, ಬಿಸಿ, ಸಲಿನಿಟಿ ಒಂದು ಶೀಟಿನಲ್ಲಿ ಬರೆಯೋಣ. ಮೀಟರ್ ನಮ್ಮ ಹತ್ತಿರ ಇದೆ, ಬೈಕ್ ಇರುವವರು ಇಬ್ಬರು ಬೇಕು. ಮಳೆಗಾಲದಲ್ಲೂ ಹೋಗೋಣ, ಆದರೆ ಅಲೆ ಎದ್ದ ದಿನ ಬೇಡ.